ಆಂಕಿಡ್ರಾಯ್ಡ್ ರಿವ್ಯೂ: ಓದಿದ್ದೆಲ್ಲ ಮರೆತುಹೋಗುತ್ತೆ ಅನ್ನುವವರಿಗೆ, ಹಾಸನದ ಒಬ್ಬ ಟ್ಯಾಕ್ಸಿ ಡ್ರೈವರ್ ಕಡೆಯಿಂದ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಪ್ರಶ್ನೆ-ಉತ್ತರದ ಕಾರ್ಡ್ ಬರೆದುಕೊಂಡು ಓದಿದ್ದನ್ನು ನೆನಪಿಟ್ಟುಕೊಳ್ಳೋಕೆ ಇರುವ ಆಂಕಿಡ್ರಾಯ್ಡ್ ಅನ್ನೋ ಈ ಆಪ್ ಪೂರ್ತಿ ಉಚಿತ. ಜಾಹೀರಾತಿನ ಕಾಟ ಇಲ್ಲ. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ನೋಡೋಕೆ ಅಂಥ ಚಂದ ಏನಿಲ್ಲ, ಸೆಟ್ಟಿಂಗ್ಸ್ ತೆರೆದರೆ ಮೊದಮೊದಲು ತಲೆ ತಿರುಗುತ್ತದೆ. ಆದರೂ ಪುಸ್ತಕ ಓದುವ ಚಟ ಇದ್ದು, ಮುಗಿಸಿದ ತಿಂಗಳಿಗೆಲ್ಲ ಒಳಗೇನಿತ್ತು ಅಂತ ಹೇಳಲು ತಡಕಾಡುವವರಿಗೆ ಇದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಳೆದೆ ಅನ್ನೋದು ಮುಂದೆ ಬರುತ್ತದೆ.

ನನ್ನದು ಹಳದಿ ಬೋರ್ಡ್ ಗಾಡಿ, ಸ್ಟ್ಯಾಂಡ್ ಹಾಸನದಲ್ಲಿ. ಬರುವ ಬಾಡಿಗೆಯಲ್ಲಿ ಹೆಚ್ಚಿನದೆಲ್ಲ ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಮಳೆಗಾಲ ಕಳೆದ ಮೇಲೆ ಚಿಕ್ಕಮಗಳೂರು, ಮುಳ್ಳಯ್ಯನಗಿರಿ, ಸಕಲೇಶಪುರದ ಕಡೆಗೂ ಜಾಸ್ತಿ. ಪಾರ್ಟಿ, ಅಂದರೆ ಬಾಡಿಗೆಗೆ ಬಂದವರು, ದೇವಸ್ಥಾನದ ಒಳಗೆ ಹೋದರೆ ನನಗೆ ವೇಟಿಂಗ್. ಹಳೇಬೀಡಿನಲ್ಲಿ ಗೈಡ್ ಸಿಕ್ಕಿದರಂತೂ ಪಾರ್ಟಿ ಬೇಗ ಹೊರಗೆ ಬರುವುದಿಲ್ಲ. ಆ ಹೊತ್ತಿನಲ್ಲಿ ಸೀಟು ಹಿಂದಕ್ಕೆ ಒರಗಿಸಿ ಪುಸ್ತಕ ತೆಗೆಯುವುದು ನನ್ನ ಹಳೆಯ ಅಭ್ಯಾಸ. ಹೆಚ್ಚಿನವು ಜಿಲ್ಲಾ ಗ್ರಂಥಾಲಯದಿಂದ ತಂದ ಇತಿಹಾಸದ ಪುಸ್ತಕಗಳು.

ನಾನು ಗೈಡ್ ಅಲ್ಲ. ಒಳಗೆ ಲೈಸೆನ್ಸ್ ಇರುವ ಗೈಡ್‌ಗಳಿದ್ದಾರೆ, ಅದು ಅವರ ಅನ್ನ. ಆದರೆ ಹಾಸನದಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರ್, ಬೇಲೂರಿಂದ ಹಳೇಬೀಡಿಗೆ 16. ಅಷ್ಟು ದೂರ ಗಾಡಿಯಲ್ಲಿ ಕೂತವರು ಸುಮ್ನೆ ಇರುತ್ತಾರಾ? "ಅಣ್ಣಾ, ಇದನ್ನ ಯಾರು ಕಟ್ಟಿಸಿದ್ದು? ಯಾವಾಗ? ಯಾಕೆ ಇಲ್ಲೇ?" ಅಂತ ಶುರುವಾಗುತ್ತದೆ. ಓದಿದ್ದೇನೆ, ಆ ಪುಟವೂ ಕಣ್ಣಿಗೆ ಕಟ್ಟಿದಂತಿದೆ, ಉತ್ತರ ಮಾತ್ರ ಬಾಯಿಗೆ ಬರುವುದಿಲ್ಲ. ಈ ಸಂಕಟ ಓದುವವರಿಗೆಲ್ಲ ಗೊತ್ತು. ಹೀಗಾಗಿ ಈ ರಿವ್ಯೂ ಪರೀಕ್ಷೆ ಬರೆಯುವ ಮಕ್ಕಳಿಗಲ್ಲ. ಆ ತರಹದ್ದು ಬೇಕಾದಷ್ಟಿವೆ. ತನ್ನ ಖುಷಿಗೆ ಓದಿ, ಓದಿದ್ದು ಉಳಿಯಲಿ ಅಂತ ಆಸೆ ಪಡುವ ದೊಡ್ಡವರಿಗೆ ಬರೆಯುತ್ತಿದ್ದೇನೆ.

ಆಪ್ ಮಾಡುವ ಕೆಲಸ ಸರಳ. ಒಂದು ಕಾರ್ಡ್, ಮುಂದೆ ಪ್ರಶ್ನೆ, ಹಿಂದೆ ಉತ್ತರ. ಎರಡನ್ನೂ ನೀವೇ ಬರೆಯಬೇಕು. ಪ್ರಶ್ನೆ ಕಂಡಾಗ ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಿ, ಆಮೇಲೆ ಉತ್ತರ ತೆರೆಯಿರಿ. ಕೆಳಗೆ ನಾಲ್ಕು ಬಟನ್ ಇರುತ್ತವೆ: ಅಗೇನ್, ಹಾರ್ಡ್, ಗುಡ್, ಈಸಿ. ಹೊಳೆಯಲೇ ಇಲ್ಲ ಅಂದರೆ ಅಗೇನ್. ತಿಣುಕಾಡಿ ನೆನಪಾದರೆ ಹಾರ್ಡ್. ಸರಿಯಾಗಿ ಬಂದರೆ ಗುಡ್. ಕೇಳುವ ಮೊದಲೇ ಬಾಯಿಗೆ ಬಂದರೆ ಈಸಿ. ಯಾವ ಬಟನ್ ಒತ್ತಿದರೆ ಆ ಕಾರ್ಡ್ ಮತ್ತೆ ಎಷ್ಟು ದಿನಕ್ಕೆ ಬರುತ್ತದೆ ಅಂತ ಬಟನ್ ಮೇಲೆಯೇ ಬರೆದಿರುತ್ತದೆ.

ಒಂದು ಕಾರ್ಡ್ ತೋರಿಸುತ್ತೇನೆ. ಮುಂದೆ: "ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಸ್ಥಾನಕ್ಕೆ ಎಷ್ಟು ಗರ್ಭಗುಡಿ?" ಹಿಂದೆ: "ನಾಲ್ಕು. ಚತುಷ್ಕೂಟ." ಇದು ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಿಂದ ಒಳಕ್ಕೆ ಇರುವ ಗುಡಿ, ಹೊಯ್ಸಳರ ಕಾಲದ ಹಳೆಯ ಗುಡಿಗಳಲ್ಲೊಂದು. ಕಾರ್ಡ್ ಹಾಕಿದ ದಿನ ಒಂದೆರಡು ಸಲ ಬರುತ್ತದೆ. ಗುಡ್ ಒತ್ತಿದರೆ ಮಾರನೆಯ ದಿನ. ಆಮೇಲೆ ಎರಡು ಮೂರು ದಿನ ಬಿಟ್ಟು, ಆಮೇಲೆ ವಾರ, ಆಮೇಲೆ ಎರಡು ಮೂರು ವಾರ, ಹಾಗೇ ತಿಂಗಳುಗಳಿಗೆ ಹೋಗುತ್ತದೆ. ಮಧ್ಯೆ ತಪ್ಪಿದರೆ ಮತ್ತೆ ಹತ್ತಿರಕ್ಕೆ ಬರುತ್ತದೆ. ಸರ್ವಿಸ್ ಮಾಡಿದ ಮೇಲೆ ಮೆಕ್ಯಾನಿಕ್ ಮುಂದಿನ ಆಯಿಲ್ ಇಷ್ಟು ಕಿಲೋಮೀಟರಿಗೆ ಅಂತ ಗಾಡಿ ಗಾಜಿಗೆ ಸ್ಟಿಕ್ಕರ್ ಅಂಟಿಸುತ್ತಾನಲ್ಲ, ಆಪ್‌ನ ಪಾಲಿನ ಕೆಲಸ ಅಷ್ಟೇ. ಯಾವ ಕಾರ್ಡ್ ಯಾವತ್ತು ನೋಡಬೇಕು ಅನ್ನೋ ಲೆಕ್ಕ ಅದು ಇಟ್ಟುಕೊಳ್ಳುತ್ತದೆ, ಉಳಿದಿದ್ದೆಲ್ಲ ನಮ್ಮ ಪಾಲಿಗೆ.

ಈ ಉಪಾಯ ಹಳೆಯದು. 1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವೇ ಇಲ್ಲದ ಉಚ್ಚಾರಗಳ ಪಟ್ಟಿ ಮಾಡಿಕೊಂಡು, ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ತನ್ನ ಮೇಲೇ ಪ್ರಯೋಗ ಮಾಡಿ ಪ್ರಕಟಿಸಿದರು. ಮರೆವು ಶುರುವಿನಲ್ಲಿ ಜೋರು, ಆಮೇಲೆ ನಿಧಾನ ಅಂತ ಗೊತ್ತಾಗಿದ್ದು ಅಲ್ಲಿಂದ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಅನ್ನೋ ಪತ್ರಕರ್ತರು ಪೆಟ್ಟಿಗೆಯಲ್ಲಿ ಖಾನೆಗಳನ್ನು ಮಾಡಿ, ಗೊತ್ತಿರುವ ಚೀಟಿ ಒಂದೊಂದೇ ಖಾನೆ ದಾಟಿಸಿ ಕೊನೆಯ ಕಡೆಗೆ, ಗೊತ್ತಿಲ್ಲದ ಚೀಟಿ ಮತ್ತೆ ಮೊದಲ ಖಾನೆಗೆ ಹಾಕುವ ಕ್ರಮ ಹೇಳಿಕೊಟ್ಟರು. 1987ರಲ್ಲಿ ಪೋಲೆಂಡಿನ ಪಿಯೋಟರ್ ವೋಜ್ನಿಯಾಕ್ ಈ ಉಪಾಯವನ್ನು ಕಂಪ್ಯೂಟರ್ ಲೆಕ್ಕಕ್ಕೆ ತಂದರು. ಆ ಲೆಕ್ಕವನ್ನೇ ಆಧಾರವಾಗಿ ಇಟ್ಟುಕೊಂಡು ಡೇಮಿಯನ್ ಎಲ್ಮ್ಸ್ 2006ರಲ್ಲಿ ಆಂಕಿ ಅನ್ನೋ ಕಂಪ್ಯೂಟರ್ ಪ್ರೋಗ್ರಾಂ ಹೊರತಂದರು. ಆಂಡ್ರಾಯ್ಡ್ ಫೋನಿಗೆ ಅದನ್ನು ಸ್ವಯಂಸೇವಕರು ಸೇರಿ ಕಟ್ಟಿದ್ದು ಆಂಕಿಡ್ರಾಯ್ಡ್. 2023ರಿಂದ ಎಫ್‌ಎಸ್‌ಆರ್‌ಎಸ್ ಅನ್ನೋ ಹೊಸ ಲೆಕ್ಕವೂ ಆಂಕಿಯಲ್ಲಿ ಸೇರಿದೆ. ಬೇಕಾದವರು ಅದನ್ನು ಆನ್ ಮಾಡಿಕೊಳ್ಳಬಹುದು. ಸಾಮಾನ್ಯ ಓದುಗರಿಗೆ ಯಾವುದಾದರೂ ನಡೆಯುತ್ತದೆ.

"ಇಷ್ಟೆಲ್ಲ ಯಾಕೆ, ಮುಖ್ಯವಾದ ಸಾಲಿಗೆ ಗೆರೆ ಎಳೆದು ಇನ್ನೊಂದು ಸಲ ಓದಿದರೆ ಆಗಲ್ವಾ?" ಅಂತ ಕೇಳಬಹುದು. ಗ್ರಂಥಾಲಯದ ಪುಸ್ತಕಕ್ಕೆ ಗೆರೆ ಎಳೆಯುವ ಹಾಗಿಲ್ಲ, ಅದು ಒಂದು. ಎಳೆಯುವ ಪುಣ್ಯಾತ್ಮರೂ ಇದ್ದಾರೆ. ನಾನು ತಂದ ಒಂದು ಪುಸ್ತಕದಲ್ಲಿ ಮೊದಲ ಅಧ್ಯಾಯದ ಪ್ರತಿ ಸಾಲಿನ ಕೆಳಗೂ ಪೆನ್ಸಿಲ್ ಗೆರೆ ಇತ್ತು, ಎರಡನೆಯ ಅಧ್ಯಾಯದಿಂದ ಪುಟಗಳು ಮುಟ್ಟದ ಹಾಗೆ ಇದ್ದವು. ಎಲ್ಲವೂ ಮುಖ್ಯ ಅನಿಸಿದರೆ ಆಗುವುದು ಹೀಗೇ.

ಇನ್ನು ಮತ್ತೆ ಮತ್ತೆ ಓದುವುದರಿಂದ ಉಪಯೋಗ ಕಡಿಮೆ ಅನ್ನೋದು ಪರೀಕ್ಷಿಸಿ ನೋಡಿದ ವಿಷಯ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಇಬ್ಬರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ಹುಡುಗರಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಅವಧಿಯಲ್ಲೂ ಓದಿತು. ಇನ್ನೊಂದು ಗುಂಪು ಒಂದು ಅವಧಿ ಮಾತ್ರ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದಷ್ಟು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಲೆಕೆಳಗಾಯಿತು. ಓದಿದವರಿಗೆ ಶೇಕಡ 40ರಷ್ಟು ನೆನಪಿತ್ತು, ನೋಡದೆ ಬರೆದವರಿಗೆ ಶೇಕಡ 61. ಇದರಲ್ಲಿ ನನಗೆ ಜಾಸ್ತಿ ಹಿಡಿಸಿದ ಮಾತು ಬೇರೆ. ವಾರ ಬಿಟ್ಟು ಎಷ್ಟು ನೆನಪಿರುತ್ತದೆ ಅಂತ ಮೊದಲೇ ಕೇಳಿದಾಗ, ಮತ್ತೆ ಮತ್ತೆ ಓದಿದವರಿಗೇ ಧೈರ್ಯ ಹೆಚ್ಚಿತ್ತಂತೆ. ಓದ್ತಾ ಇದ್ದರೆ ಎಲ್ಲ ಗೊತ್ತು ಅನಿಸುತ್ತದೆ. ಪುಸ್ತಕ ಮುಚ್ಚಿದಾಗಲೇ ಗೊತ್ತಿಲ್ಲ ಅನ್ನೋದು ಗೊತ್ತಾಗುವುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಆಪ್ ಬಗ್ಗೆ ಎಲ್ಲರೂ ನೆನಪಿನ ಶಕ್ತಿಯ ಮಾತಾಡುತ್ತಾರೆ. ನನ್ನ ಪ್ರಕಾರ ಲಾಭ ಇರುವುದು ಅದಕ್ಕೂ ಮೊದಲು, ಕಾರ್ಡ್ ಬರೆಯುವ ಹೊತ್ತಿನಲ್ಲಿ. ಒಂದು ಪುಟ ಓದಿ ಅದರಿಂದ ಪ್ರಶ್ನೆ ತೆಗೆಯಬೇಕಾದರೆ ಆ ಪುಟ ಹೇಳುತ್ತಿರುವುದೇನು ಅಂತ ಗೊತ್ತಾಗಲೇಬೇಕು. ಗೊತ್ತಾಗದಿದ್ದರೆ ಪ್ರಶ್ನೆ ಹುಟ್ಟುವುದಿಲ್ಲ, ಮತ್ತೆ ಓದಬೇಕು. ನಿಧಾನವಾಗುತ್ತದೆ ನಿಜ. ಮೊದಲಾಗಿದ್ದರೆ ಒಂದು ವೇಟಿಂಗ್‌ನಲ್ಲಿ ಒಂದು ಅಧ್ಯಾಯ ಸರಾಗವಾಗಿ ಮುಗಿಯುತ್ತಿತ್ತು. ಈಗ ಅರ್ಧ ಅಧ್ಯಾಯ ಆದರೆ ಹೆಚ್ಚು. ಆದರೆ ಆ ಅರ್ಧ ನನ್ನ ಹತ್ತಿರವೇ ಇರುತ್ತದೆ.

ಎಂಥ ಕಾರ್ಡ್ ಬರೆಯಬೇಕು ಅನ್ನೋದರ ಮೇಲೆ ಎಲ್ಲ ನಿಂತಿದೆ. ಒಂದು ಉದಾಹರಣೆ. ಬೇಲೂರಿನ ಬಗ್ಗೆ ಒಂದು ಪುಟ ಓದಿದಿರಿ ಅಂದುಕೊಳ್ಳಿ. ಚೆನ್ನಕೇಶವ ದೇವಸ್ಥಾನದ ಪ್ರತಿಷ್ಠೆ 1117ರಲ್ಲಿ. ಮಾಡಿಸಿದ್ದು ವಿಷ್ಣುವರ್ಧನ. ಅದಕ್ಕೆ ಹಿಂದಿನ ವರ್ಷ ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ್ದ. ಬಳಸಿದ್ದು ಬಳಪದ ಕಲ್ಲು. ಮದನಿಕೆಯರು ಹೊರಗೆ 38, ಒಳಗೆ 4, ಒಟ್ಟು 42.

"ಬೇಲೂರು ದೇವಸ್ಥಾನದ ಬಗ್ಗೆ ವಿವರಿಸಿ" ಅಂತ ಒಂದೇ ಕಾರ್ಡ್ ಮಾಡಿದರೆ ಅದು ಸತ್ತ ಕಾರ್ಡ್. ಅರ್ಧ ನೆನಪಿರುತ್ತದೆ, ಅರ್ಧ ಇರುವುದಿಲ್ಲ, ಯಾವ ಬಟನ್ ಒತ್ತಬೇಕು ಅಂತಲೇ ತಿಳಿಯುವುದಿಲ್ಲ. ಒಂದು ಕಾರ್ಡಿಗೆ ಒಂದೇ ಮಾತು ಇರಬೇಕು. "ಬೇಲೂರಿನ ಪ್ರತಿಷ್ಠೆ ಯಾವ ವರ್ಷ?" ಒಂದು ಕಾರ್ಡ್. "ಅದಕ್ಕೆ ಸ್ವಲ್ಪ ಮೊದಲು ವಿಷ್ಣುವರ್ಧನ ಗೆದ್ದ ದೊಡ್ಡ ಯುದ್ಧ ಯಾವುದು?" ಇನ್ನೊಂದು. ಇಷ್ಟು ಮಾಡಿದರೆ ಬಾಯಿಪಾಠ ಆಯಿತು. ಇಲ್ಲಿಗೇ ನಿಲ್ಲುವವರು ಆಪ್ ಬೋರು ಅಂತ ಬಿಟ್ಟುಬಿಡುತ್ತಾರೆ. ಅವರ ಮಾತು ನಿಜ, ಬರೀ ಇಸವಿಗಳನ್ನು ಉರುಹೊಡೆಯುವುದು ಬೋರೇ.

ಮೂರನೆಯ ಕಾರ್ಡ್ ನೋಡಿ: "ಇಷ್ಟು ಸಣ್ಣ ಕೆತ್ತನೆ ಬೇಲೂರಿನಲ್ಲಿ ಹೇಗೆ ಸಾಧ್ಯವಾಯಿತು?" ಉತ್ತರ: "ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ." ಈ ಕಾರ್ಡ್ ಎದುರಾದಾಗ ನಾನು ಬರೀ ಒಂದು ಸಂಗತಿ ನೆನಪಿಸಿಕೊಳ್ಳುವುದಿಲ್ಲ. ಶಿಲ್ಪಿಯ ಕೈಯ ಉಳಿ, ಕಲ್ಲು, ಎರಡೂ ಕಣ್ಣ ಮುಂದೆ ಬರುತ್ತವೆ. ಮದನಿಕೆಯ ಬಳೆ ಯಾಕೆ ಅಷ್ಟು ತೆಳುವಾಗಿದೆ ಅನ್ನೋದಕ್ಕೂ ಇದೇ ಉತ್ತರ. ಇಂಥ "ಯಾಕೆ", "ಹೇಗೆ" ಕಾರ್ಡ್‌ಗಳು ಒಂದರ ಕೈ ಇನ್ನೊಂದು ಹಿಡಿದುಕೊಂಡಿರುತ್ತವೆ. ಒಂದು ನೆನಪಾದರೆ ಇನ್ನೊಂದು ತಾನಾಗಿ ಬರುತ್ತದೆ.

ನಾಲ್ಕನೆಯ ತರಹದ ಕಾರ್ಡ್ ನನಗೆ ಬಹಳ ಇಷ್ಟ. "ಬೇಲೂರಿನ ದೇವಸ್ಥಾನ ಕಟ್ಟಿಸಿದ್ದು ಯಾಕೆ? ಯಾರು ಏನು ಹೇಳುತ್ತಾರೆ?" ತಲಕಾಡಿನ ಗೆಲುವಿನ ನೆನಪಿಗೆ ಅನ್ನುವವರಿದ್ದಾರೆ. ರಾಜ ವೈಷ್ಣವನಾದದ್ದಕ್ಕೆ ಅನ್ನುವವರಿದ್ದಾರೆ. ತನ್ನ ಮೇಲಿನ ಚಾಲುಕ್ಯ ದೊರೆಗೆ ತಾನೂ ಕಡಿಮೆಯಿಲ್ಲ ಅಂತ ತೋರಿಸೋಕೆ ಅನ್ನುವವರೂ ಇದ್ದಾರೆ. ಮೂರನ್ನೂ ಕಾರ್ಡಿನ ಹಿಂದೆ ಬರೆದು, ಯಾವ ಪುಸ್ತಕ, ಯಾವ ಪುಟ ಅಂತ ಪಕ್ಕದಲ್ಲಿ ಹಾಕಿಟ್ಟಿದ್ದೇನೆ. ಒಂದೇ ಮಾತು ಇರಬೇಕು ಅನ್ನೋ ನಿಯಮ ಇಲ್ಲಿ ಮುರಿಯಿತು, ಮುರಿಯಲಿ. ಒಂದೇ ಪುಸ್ತಕ ಓದಿದವನಿಗೆ ಈ ಕಾರ್ಡ್ ಬರೆಯೋಕೆ ಬರುವುದಿಲ್ಲ. ಎರಡನೆಯ ಪುಸ್ತಕ ಮೊದಲನೆಯದರ ಜೊತೆ ಜಗಳ ಆಡುವುದನ್ನು ನೋಡಿದಾಗಲೇ ಇತಿಹಾಸ ಓದುವ ರುಚಿ ಹತ್ತುವುದು.

ಕಾರ್ಡಿನ ಉತ್ತರ ಬದಲಾಗುವುದೂ ಇದೆ. "ಕನ್ನಡದ ಅತಿ ಹಳೆಯ ಶಾಸನ ಯಾವುದು?" ಅಂದರೆ ನಾವೆಲ್ಲ ಶಾಲೆಯಲ್ಲಿ ಕಲಿತದ್ದು ಹಲ್ಮಿಡಿ, ಸುಮಾರು ಕ್ರಿ.ಶ. 450. ನಮ್ಮ ಬೇಲೂರು ತಾಲ್ಲೂಕಿನದೇ ಊರು, ಹೆಮ್ಮೆ ಬೇರೆ. ಆಮೇಲೆ ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಸಿಕ್ಕ ಶಾಸನ ಅದಕ್ಕೂ ಹಳೆಯದು, ಕ್ರಿ.ಶ. 370ರ ಕಾಲದ್ದು ಅನ್ನೋ ವಾದ ಬಂತು. ಕಾರ್ಡನ್ನು ಅಳಿಸಲಿಲ್ಲ. ಎಡಿಟ್ ಒತ್ತಿ ಹಿಂಭಾಗದಲ್ಲಿ ಎರಡನ್ನೂ ಬರೆದೆ. ಶಿವಮೊಗ್ಗದ ಪಾರ್ಟಿ ಗಾಡಿಯಲ್ಲಿದ್ದರೆ ತಾಳಗುಂದವನ್ನು ಮೊದಲು ಹೇಳುತ್ತೇನೆ, ವ್ಯಾಪಾರ ವ್ಯಾಪಾರ.

ಪಾರ್ಟಿಗಳ ವಿಷಯ ಬಂತು, ಒಂದು ಮಾತು ಹೇಳಲೇಬೇಕು. ನನ್ನ ಒಳ್ಳೆಯ ಕಾರ್ಡ್‌ಗಳು ಪುಸ್ತಕದಿಂದ ಬಂದವಲ್ಲ, ಹಿಂದಿನ ಸೀಟಿನಿಂದ ಬಂದವು. ಒಮ್ಮೆ ಮೈಸೂರು ಕಡೆಯ ನಿವೃತ್ತ ಮೇಷ್ಟ್ರು ಒಬ್ಬರು ಮೊಮ್ಮಗಳ ಜೊತೆ ಬಂದಿದ್ದರು. ಹಳೇಬೀಡು ಮುಗಿಸಿ ಗಾಡಿ ಹತ್ತಿದ ಮೇಲೆ ನಾನು ಸ್ವಲ್ಪ ಹುರುಪಿನಲ್ಲೇ ಹೇಳುತ್ತಿದ್ದೆ, "ಬೇಲೂರು ಏಕಕೂಟ ಸಾರ್, ಹಳೇಬೀಡು ದ್ವಿಕೂಟ, ಸೋಮನಾಥಪುರ ತ್ರಿಕೂಟ, ದೊಡ್ಡಗದ್ದವಳ್ಳಿ ಚತುಷ್ಕೂಟ" ಅಂತ. ಮೇಷ್ಟ್ರು ತಲೆದೂಗಿದರು. ಮೊಮ್ಮಗಳು ಕೇಳಿದಳು, "ಅಂಕಲ್, ಹಳೇಬೀಡಲ್ಲಿ ಎರಡು ಯಾಕೆ ಬೇಕಿತ್ತು?"

"ಒಂದು ಹೊಯ್ಸಳೇಶ್ವರ, ಇನ್ನೊಂದು ಶಾಂತಲೇಶ್ವರ ಪುಟ್ಟಾ. ರಾಜನ ಹೆಸರಲ್ಲಿ ಒಂದು, ರಾಣಿ ಹೆಸರಲ್ಲಿ ಒಂದು."

"ಹಾಗಾದ್ರೆ ಬೇಲೂರಲ್ಲಿ ರಾಣಿಗೆ ಯಾಕೆ ಇಲ್ಲ?"

ಮೇಷ್ಟ್ರು ನಗುತ್ತಾ, "ಏನಪ್ಪಾ, ಈಗ ಹೇಳು" ಅಂದರು. ನನ್ನ ಕಾರ್ಡ್‌ಗಳಲ್ಲಿ ಎಲ್ಲೂ ಇದಕ್ಕೆ ಉತ್ತರ ಇರಲಿಲ್ಲ. "ನೋಡಿ ಹೇಳ್ತೀನಿ ಸಾರ್" ಅಂದೆ. ಅವತ್ತು ರಾತ್ರಿ ಅದೇ ಪುಸ್ತಕ ಮತ್ತೆ ತೆಗೆದೆ. ಬೇಲೂರಿನ ಆವರಣದಲ್ಲೇ ಕಪ್ಪೆ ಚೆನ್ನಿಗರಾಯನ ಗುಡಿ ಇದೆ, ಅದನ್ನು ಮಾಡಿಸಿದ್ದು ರಾಣಿ ಶಾಂತಲಾದೇವಿ ಅಂತ ಅಲ್ಲೇ ಬರೆದಿತ್ತು. ಮೊದಲ ಸಲ ಓದುವಾಗ ಆ ಸಾಲು ಕಣ್ಣಿಗೆ ಬಿದ್ದಿರಬೇಕು, ಆದರೆ ಕೇಳುವವರಿಲ್ಲದ ಉತ್ತರ ಅದು, ಎಲ್ಲಿ ನಿಲ್ಲುತ್ತದೆ? ಈಗ ಪ್ರಶ್ನೆ ಕೈಯಲ್ಲಿ ಹಿಡಿದು ಹೋದದ್ದಕ್ಕೆ ಸಿಕ್ಕಿತು. ಅವತ್ತಿನಿಂದ ಪಾರ್ಟಿ ಕೇಳಿದ, ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಆಪ್‌ನಲ್ಲಿ ಖಾಲಿ ಉತ್ತರದ ಜೊತೆಗೇ ಹಾಕಿಡುತ್ತೇನೆ. ಹಿಂಭಾಗದಲ್ಲಿ "ಹುಡುಕಬೇಕು" ಅಂತ ಒಂದೇ ಪದ. ಆ ಕಾರ್ಡ್ ಎದುರಿಗೆ ಬಂದಾಗಲೆಲ್ಲ ಚುಚ್ಚುತ್ತದೆ. ಗ್ರಂಥಾಲಯದಲ್ಲಿ ಯಾವ ಪುಸ್ತಕ ತರಬೇಕು ಅಂತ ಈಗ ನಿರ್ಧಾರ ಮಾಡುವುದು ಇಂಥ ಕಾರ್ಡ್‌ಗಳೇ. ಆಪ್ ಮಾಡಿದವರು ಇದಕ್ಕೆ ಅಂತ ಏನೂ ಇಟ್ಟಿಲ್ಲ, ಇದು ನನ್ನ ಕಿತಾಪತಿ.

ಕನ್ನಡದಲ್ಲಿ ಕಾರ್ಡ್ ಬರೆಯೋಕೆ ಯಾವ ತೊಂದರೆಯೂ ಇಲ್ಲ. ಫೋನಿನ ಕನ್ನಡ ಕೀಬೋರ್ಡ್ ಸಾಕು. ಒತ್ತಕ್ಷರ ಸರಿಯಾಗಿ ಕಾಣುತ್ತದೆ, ಕನ್ನಡದಲ್ಲೇ ಹುಡುಕಲೂ ಬಹುದು. ಟೈಪ್ ಮಾಡುವುದು ಕಷ್ಟ ಅನ್ನುವವರು ಮೈಕ್ ಒತ್ತಿ ಮಾತಾಡಬಹುದು. ಆಡುಮಾತು ಚೆನ್ನಾಗಿ ಬರುತ್ತದೆ, ಶಾಸನದ ಹೆಸರುಗಳು ಬಂದಾಗ ಮಾತ್ರ ಒಮ್ಮೆ ನೋಡಿ ತಿದ್ದಿಕೊಳ್ಳಿ. ಕಾರ್ಡನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯವೂ ಇದೆ, ಫೋನಿನಲ್ಲಿ ಕನ್ನಡ ಧ್ವನಿ ಹಾಕಿಕೊಂಡಿದ್ದರೆ ಸಾಕು. ಗಾಡಿ ಓಡಿಸ್ತಾ ಕೇಳಬಹುದಲ್ವಾ ಅಂತ ಯಾರಾದರೂ ಅಂದುಕೊಂಡರೆ, ಬೇಡ. ಉತ್ತರ ಯೋಚನೆ ಮಾಡುವವನ ಕಣ್ಣು ರಸ್ತೆ ಮೇಲಿದ್ದರೂ ಗಮನ ಅಲ್ಲಿರುವುದಿಲ್ಲ.

ಖಾಲಿ ಜಾಗ ತುಂಬಿರಿ ಅನ್ನೋ ತರಹದ ಕಾರ್ಡೂ ಇದೆ. ಒಂದು ವಾಕ್ಯ ಬರೆದು ಬೇಕಾದ ಪದ ಮುಚ್ಚಿದರೆ ಆಯಿತು. ಸುಲಭ ಅನ್ನೋ ಕಾರಣಕ್ಕೆ ಎಲ್ಲರೂ ಇದನ್ನೇ ಮಾಡುತ್ತಾರೆ. ನನಗೆ ಅಷ್ಟು ಹಿಡಿಸಲಿಲ್ಲ. ಸ್ವಲ್ಪ ದಿನ ಹೋದರೆ ಅರ್ಥ ನೋಡದೆ ವಾಕ್ಯದ ಆಕಾರ ನೋಡಿಯೇ ಉತ್ತರ ಹೇಳಿಬಿಡುತ್ತೇವೆ.

ಚಿತ್ರದ ಕಾರ್ಡ್ ಮಾತ್ರ ಭಲೇ ಚೆನ್ನ. ಹಳೇಬೀಡಿನ ಹೊರಗೋಡೆಯ ಬುಡದಲ್ಲಿ ಒಂದರ ಮೇಲೊಂದು ಪಟ್ಟಿಗಳಿವೆ, ನೀವೂ ನೋಡಿರುತ್ತೀರಿ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಕುದುರೆ ಸವಾರರು, ಮೇಲೆ ಹೋದಂತೆ ಪುರಾಣದ ಕಥೆ, ಮಕರ, ಹಂಸ. ಫೋನಿನಲ್ಲಿ ಒಂದು ಫೋಟೋ ಹೊಡೆದು, ಆಪ್ ಒಳಗೆ ತಂದು, ಪ್ರತಿ ಪಟ್ಟಿಯ ಮೇಲೆ ಬೆರಳಿನಿಂದ ಒಂದು ಚೌಕ ಎಳೆದು ಮುಚ್ಚಿದರೆ ಒಂದೊಂದು ಪಟ್ಟಿಗೂ ಒಂದೊಂದು ಕಾರ್ಡ್ ತಯಾರು. ಪುಸ್ತಕದಲ್ಲಿ ಈ ಕ್ರಮ ಎಷ್ಟು ಸಲ ಓದಿದರೂ ಹಿಂದುಮುಂದಾಗುತ್ತದೆ. ಸ್ವಂತ ಫೋಟೋದಲ್ಲಿ ಮುಚ್ಚಿ ತೆರೆದು ನೋಡಿದ ಮೇಲೆ ಆ ಗೋಡೆಯ ಮುಂದೆ ನಿಂತರೆ ಹಳೆಯ ಪರಿಚಯದವರನ್ನು ಕಂಡ ಹಾಗಾಗುತ್ತದೆ. ಗೋಡೆಯ ಇನ್ನೊಂದು ಮಗ್ಗುಲಿಗೆ ಹೋದಾಗ ಎಲ್ಲಿ ಕೆತ್ತನೆ ಅರ್ಧಕ್ಕೆ ನಿಂತಿದೆ ಅನ್ನೋದೂ ಕಣ್ಣಿಗೆ ಬೀಳತೊಡಗುತ್ತದೆ.

ನೆಟ್‌ವರ್ಕ್ ವಿಷಯ. ಮುಳ್ಳಯ್ಯನಗಿರಿ ಮೇಲೆ, ಬಿಸಿಲೆ ಘಾಟಿಯಲ್ಲಿ ಸಿಗ್ನಲ್ ನಂಬಿ ಕೂರೋಕಾಗುವುದಿಲ್ಲ. ಕಾರ್ಡ್‌ಗಳೆಲ್ಲ ಫೋನಿನಲ್ಲೇ ಇರುವುದರಿಂದ ಈ ಆಪ್‌ಗೆ ಅದರ ಗೊಡವೆ ಇಲ್ಲ. ಮನೆಗೆ ಬಂದಾಗ ಆಂಕಿವೆಬ್ ಅನ್ನೋ ಉಚಿತ ಖಾತೆಗೆ ಸಿಂಕ್ ಕೊಟ್ಟರೆ ಒಂದು ನಕಲು ಅಲ್ಲಿ ಇರುತ್ತದೆ. ಇದನ್ನು ಮಾತ್ರ ಮರೆಯಬೇಡಿ. ಫೋನ್ ಕೆಟ್ಟರೆ ಇನ್ನೊಂದು ತರಬಹುದು, ವರ್ಷಗಟ್ಟಲೆ ಬರೆದ ಕಾರ್ಡ್ ಮತ್ತೆ ಬರೆಯೋಕಾಗುತ್ತದಾ?

ಈಗ ಕಳೆದ ಒಂದು ಸ್ಟಾರ್. ಅದು ಬಾಕಿಗೆ. ಈ ಆಪ್ ರಜೆ ಗೊತ್ತಿಲ್ಲದ ಯಜಮಾನ. ಡಿಸೆಂಬರ್ ಕೊನೆಯಲ್ಲಿ ನಮಗೆ ಸೀಸನ್, ಬೆಳಗ್ಗೆ ನಾಲ್ಕಕ್ಕೆ ಗಾಡಿ ಹತ್ತಿದರೆ ರಾತ್ರಿವರೆಗೂ ಪುರುಸೊತ್ತಿಲ್ಲ. ಒಂದಷ್ಟು ದಿನ ಮುಟ್ಟದೆ ಇದ್ದು ತೆರೆದರೆ ಅಷ್ಟೂ ದಿನದ ಕಾರ್ಡ್ ಒಟ್ಟಿಗೆ ಕೂತಿರುತ್ತವೆ. ಆ ಸಂಖ್ಯೆ ನೋಡಿಯೇ ಅರ್ಧ ಜನ ಆಪ್ ಕಿತ್ತುಹಾಕುತ್ತಾರೆ ಅಂತ ನನ್ನ ಊಹೆ. ಇದಕ್ಕೆ ದಾರಿ ಶುರುವಿನಲ್ಲೇ ಇದೆ. ದಿನಕ್ಕೆ 20 ಹೊಸ ಕಾರ್ಡ್ ಅಂತ ಆಪ್ ತಾನಾಗಿ ಇಟ್ಟಿರುತ್ತದೆ. ಡೆಕ್ (ಕಾರ್ಡ್‌ಗಳ ಕಟ್ಟು) ಆಪ್ಷನ್ಸ್‌ಗೆ ಹೋಗಿ ಅದನ್ನು ನಾಲ್ಕೋ ಐದೋ ಮಾಡಿ. ಕೆಲಸ ಮಾಡಿ ಹೊಟ್ಟೆ ಹೊರೆಯುವವರಿಗೆ 20 ಜಾಸ್ತಿ, ಅದು ಮೆಡಿಕಲ್ ಓದುವ ಹುಡುಗರ ಲೆಕ್ಕ. ಬಾಕಿ ಬಿದ್ದಾಗ ಹೊಸದನ್ನು ಪೂರ್ತಿ ಸೊನ್ನೆ ಮಾಡಿ, ಹಳೆಯದನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ತೀರಿಸಿ. ಉಳಿದ ಸೆಟ್ಟಿಂಗ್ಸ್ ಕಡೆ ಕಣ್ಣೂ ಹಾಕಬೇಡಿ. ಅಲ್ಲಿ ಹೊಕ್ಕವರು ಓದುವುದು ಬಿಟ್ಟು ಸೆಟ್ಟಿಂಗ್ಸ್ ತಿರುಗಿಸುತ್ತಾ ಕೂರುತ್ತಾರೆ.

ಪದೇಪದೇ ತಪ್ಪುವ ಕಾರ್ಡಿಗೆ ಆಪ್ "ಲೀಚ್", ಅಂದರೆ ಜಿಗಣೆ, ಅಂತ ಹಣೆಪಟ್ಟಿ ಅಂಟಿಸುತ್ತದೆ. ಸಾಮಾನ್ಯವಾಗಿ ಎಂಟು ಸಲ ತಪ್ಪಿದರೆ. ಅಂಥದ್ದು ಬಂದರೆ ಮತ್ತೆ ಮತ್ತೆ ಗುದ್ದಾಡಬೇಡಿ. ಒಂದೋ ಪ್ರಶ್ನೆ ಸರಿಯಿಲ್ಲ, ಇಲ್ಲವೋ ಆ ವಿಷಯ ನಿಮಗೆ ಅರ್ಥವೇ ಆಗಿಲ್ಲ. ಪುಸ್ತಕಕ್ಕೆ ವಾಪಸ್ ಹೋಗಿ ಓದಿ ಹೊಸದಾಗಿ ಬರೆಯಿರಿ. ಅಥವಾ ಅಳಿಸಿಬಿಡಿ, ಎಲ್ಲವೂ ನೆನಪಿರಲೇಬೇಕು ಅಂತ ಯಾರು ಹೇಳಿದ್ದು?

ಬೇರೆಯವರು ಮಾಡಿದ ಕಾರ್ಡ್‌ಗಳ ಕಟ್ಟು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಇಂಗ್ಲಿಷಿನಲ್ಲಿ ರಾಶಿ ರಾಶಿ ಇವೆ, ಕನ್ನಡದಲ್ಲಿ ಕಡಿಮೆ. ಇದ್ದರೂ ನಾನು ಹಾಕಿಕೊಳ್ಳುವುದಿಲ್ಲ. ಪಿಯುಸಿ ಓದುವ ಮಗಳು ಒಂದು ದಿನ, "ಅಪ್ಪ, ನಿಮ್ಮ ಹೊಯ್ಸಳರ ಡೆಕ್ ನನಗೆ ಕಳಿಸಿ, ನಾನೂ ನೋಡ್ತೀನಿ" ಅಂದಳು. ಕಳಿಸಿದೆ. ಎರಡು ದಿನ ನೋಡಿ ಬಿಟ್ಟಳು. "ಉತ್ತರ ನೆನಪಿರುತ್ತಪ್ಪಾ, ಆದ್ರೆ ಯಾವುದರ ಉತ್ತರ ಅಂತ ಗೊತ್ತಾಗಲ್ಲ" ಅಂದಳು. ಈ ಆಪ್ ಬಗ್ಗೆ ಇದಕ್ಕಿಂತ ಸರಿಯಾದ ಟೀಕೆ ನಾನು ಕೇಳಿಲ್ಲ. ನನ್ನ ಕಾರ್ಡಿನ ಹಿಂದೆ ಒಂದು ಪುಸ್ತಕ, ಒಂದು ಮಧ್ಯಾಹ್ನ, ಒಬ್ಬ ಪಾರ್ಟಿ ಕೇಳಿದ ಪ್ರಶ್ನೆ ಇದೆ. ಅವಳಿಗೆ ಬರೀ ಕಾರ್ಡ್ ಸಿಕ್ಕಿತು. ಈಗ ಜೀವಶಾಸ್ತ್ರಕ್ಕೆ ತನ್ನದೇ ಕಾರ್ಡ್ ಬರೆದುಕೊಳ್ಳುತ್ತಿದ್ದಾಳೆ, ನನಗಿಂತ ನೀಟಾಗಿ.

ಕಥೆ, ಕಾದಂಬರಿಗೆ ಇದನ್ನು ತರಬೇಡಿ. ಪಾತ್ರದ ಹೆಸರಿಗೆ, ಊರಿಗೆ ಕಾರ್ಡ್ ಮಾಡಿದರೆ ಓದಿನ ಸುಖ ಅಲ್ಲಿಗೆ ಮುಗಿಯಿತು. ಕಾದಂಬರಿ ಮುಗಿದ ಮೇಲೆ ಒಂದು ಲಾಂಗ್ ನೋಟ್‌ಬುಕ್ ತೆಗೆದು, ಪುಸ್ತಕ ನೋಡದೆ, ಅರ್ಧ ಪುಟ ಬರೆಯುತ್ತೇನೆ. ಕಥೆ ಏನು ಅಂತ ಬರೆಯುವುದಿಲ್ಲ. ಎಲ್ಲಿ ಸಿಟ್ಟು ಬಂತು, ಯಾವ ಜಾಗದಲ್ಲಿ ಮುಂದಿನ ಪುಟ ತಿರುಗಿಸೋಕೆ ಮನಸ್ಸಾಗಲಿಲ್ಲ, ಯಾರು ನಮ್ಮ ಮನೆಯವರ ಹಾಗಿದ್ದರು ಅಂತ. ಇದಕ್ಕೆ ಆಪ್ ಬೇಕಿಲ್ಲ. ನೋಡದೆ ಬರೆಯುವುದು ಮಾತ್ರ ಅಲ್ಲೂ ಇದೆ.

ಫೋನ್ ಬೇಡವೇ ಬೇಡ ಅನ್ನುವವರು ಲೈಟ್ನರ್ ಪೆಟ್ಟಿಗೆ ಮಾಡಿಕೊಳ್ಳಬಹುದು. ಖಾಲಿ ಚಪ್ಪಲಿ ಡಬ್ಬ, ರಟ್ಟಿನಲ್ಲಿ ಐದು ಖಾನೆ, ಮದುವೆ ಕಾರ್ಡಿನ ಖಾಲಿ ಬದಿ ಕತ್ತರಿಸಿದರೆ ಚೀಟಿ. ಖರ್ಚಿಲ್ಲ. ಮೊದಲ ಖಾನೆ ದಿನಾ, ಎರಡನೆಯದು ಎರಡು ದಿನಕ್ಕೊಮ್ಮೆ, ಹೀಗೆ ಹಿಂದೆ ಹೋದಂತೆ ದಿನ ಜಾಸ್ತಿ. ಮನೆಯಲ್ಲೇ ಇರುವವರಿಗೆ ಇದು ಆಪ್‌ಗಿಂತ ಚೆನ್ನಾಗಿ ಹೊಂದಬಹುದು. ನನ್ನ ಗಾಡಿಯಲ್ಲಿ ಡಬ್ಬ ಇಟ್ಟರೆ ಘಾಟಿಯ ಮೊದಲ ತಿರುವಿನಲ್ಲೇ ಹೊಯ್ಸಳರೆಲ್ಲ ಸೀಟಿನ ಕೆಳಗೆ ಇರುತ್ತಾರೆ.

ಹಾಕಿಕೊಳ್ಳುವವರಿಗೆ ಕೊನೆಯದಾಗಿ ಎರಡು ಮಾತು. ಪ್ಲೇಸ್ಟೋರಿನಲ್ಲಿ ಇದೇ ತರಹದ ಹೆಸರಿನ ಬೇರೆ ಆಪ್‌ಗಳೂ ಸಿಗುತ್ತವೆ, ಕೆಲವು ದುಡ್ಡು ಕೇಳುತ್ತವೆ. ಮಾಡಿದವರ ಹೆಸರಿನ ಜಾಗದಲ್ಲಿ "ಆಂಕಿಡ್ರಾಯ್ಡ್ ಓಪನ್ ಸೋರ್ಸ್ ಟೀಮ್" ಅಂತ ಇದ್ದರೆ ಮಾತ್ರ ಇಳಿಸಿಕೊಳ್ಳಿ. ಐಫೋನ್ ಇರುವವರಿಗೆ ಆಂಕಿಯ ಅಧಿಕೃತ ಆಪ್ ಉಚಿತ ಅಲ್ಲ, 25 ಡಾಲರ್ ಹತ್ತಿರ ಆಗುತ್ತದೆ. ಒಂದೇ ಸಲ ಕೊಡುವ ದುಡ್ಡು, ಆದರೂ ಶುರುವಿನಲ್ಲೇ ಕೊಡಬೇಡಿ. ಬ್ರೌಸರಿನಲ್ಲಿ ಆಂಕಿವೆಬ್ ತೆರೆದರೆ ಕಾಸಿಲ್ಲದೆ ಕಾರ್ಡ್ ಬರೆಯಬಹುದು, ನೋಡಬಹುದು. ಒಂದು ಪುಸ್ತಕ ಮುಗಿಯುವವರೆಗೆ ಅದರಲ್ಲೇ ನಡೆಸಿ, ಆಮೇಲೂ ಬೇಕು ಅನಿಸಿದರೆ ಕೊಂಡುಕೊಳ್ಳಿ.